ಆರಿಸಿಕೊಂಡವರು ಎಂದು ಯಾರು ಹೇಳಬಹುದು?

ಯಹೂದಿಗಳ ವಿಷಯ ಬಂದಾಗ ನಮ್ಮ ಕನ್ನಡ ಕೂಟಗಳ ಊಟದ ಪಂಕ್ತಿಯಲ್ಲಿ ಎರಡು ಬಗೆಯ ಮಾತು ಕೇಳುತ್ತದೆ. ಮೊದಲನೆಯದು ಮೆಚ್ಚುಗೆ: ಎಷ್ಟು ಬುದ್ಧಿವಂತರು, ಎಷ್ಟು ಒಗ್ಗಟ್ಟು, ಮಕ್ಕಳಿಗೆ ಹೇಗೆ ಭಾಷೆ ಕಲಿಸುತ್ತಾರೆ ನೋಡಿ, ನಾವೂ ಇದ್ದೇವೆ. ಎರಡನೆಯದು ಸ್ವಲ್ಪ ದನಿ ತಗ್ಗಿಸಿ ಬರುತ್ತದೆ: ಆದರೂ ತಾವೇ ದೇವರು ಆರಿಸಿಕೊಂಡ ಜನ ಅಂದುಕೊಂಡಿದ್ದಾರಲ್ಲ, ಅದೆಂಥ ಅಹಂಕಾರ! ಮೊದಲ ಮಾತಿನ ನಿಜಾನಿಜ ಹಾಗಿರಲಿ. ಎರಡನೆಯದನ್ನು ಆಡುವವರಲ್ಲಿ ಹೆಚ್ಚಿನವರು ಅವರ ಪ್ರಾರ್ಥನೆಯ ಪುಸ್ತಕವನ್ನು ತೆರೆದವರಲ್ಲ. ಆ ಪುಸ್ತಕದಲ್ಲಿ ‘ಆರಿಸಿಕೊಂಡ’ ಎಂಬ ಮಾತು ಎಲ್ಲಿ ಬರುತ್ತದೆ, ಅದನ್ನು ಹೇಳುವವರ ಮೈ ಆಗ ಏನು ಮಾಡುತ್ತಿರುತ್ತದೆ, ಮತ್ತು ಮುಖ್ಯವಾಗಿ, ಆ ಮಾತನ್ನು ಹೇಳುವ ಹಕ್ಕು ಯಾರಿಗೆ ಎಂಬ ಜಗಳ ಹೇಗೆ ನಡೆದಿದೆ ಎಂದು ನೋಡುವುದು ಈ ಬರಹದ ಉದ್ದೇಶ.

ನಾನು ಧರ್ಮಶಾಸ್ತ್ರ ಓದಿದವನಲ್ಲ. ಬಿ.ಕಾಂ., ಆಮೇಲೆ ಸಿ.ಎ. ನ್ಯೂಜೆರ್ಸಿಯಲ್ಲಿ ಅನ್ನಕ್ಕೆ ದಾರಿಯಾಗಿರುವುದು ಲೆಕ್ಕ ಪರಿಶೋಧನೆ. ಇಲ್ಲಿ ಗಡುವು ಮುಂದೂಡಿಸಿಕೊಂಡವರ ತೆರಿಗೆ ಪತ್ರಗಳಿಗೆ ಸೆಪ್ಟೆಂಬರ್ 15 ಮತ್ತು ಅಕ್ಟೋಬರ್ 15 ಕೊನೆಯ ದಿನಗಳು. ಯಹೂದಿಗಳ ಹೊಸ ವರ್ಷ, ಪ್ರಾಯಶ್ಚಿತ್ತದ ದಿನ, ಪರ್ಣಶಾಲೆಯ ಹಬ್ಬ ಎಲ್ಲವೂ ಬರುವುದು ಅದೇ ಹೊತ್ತಿಗೆ. ಕೆಲಸ ತಲೆಯ ಮೇಲೆ ಬಿದ್ದಿರುವಾಗ ಫೈಲು ಮುಚ್ಚಿಟ್ಟು ಎದ್ದು ಹೋಗುವ ಸಹೋದ್ಯೋಗಿಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ, ಇವರು ಅಲ್ಲಿ ಹೋಗಿ ಹೇಳುವುದಾದರೂ ಏನು ಎಂಬ ಕುತೂಹಲ ಹುಟ್ಟಿತು. ನಮ್ಮ ಕಸುಬಿನಲ್ಲಿ ಒಂದು ಪಾಠವಿದೆ: ಜರ್ನಲ್ ಎಂಟ್ರಿಯ ಮೊತ್ತವನ್ನಷ್ಟೇ ನೋಡಬೇಡ, ಅದರ ಕೆಳಗೆ ಬರೆದ ವಿವರಣೆಯನ್ನೂ ಓದು. ಪ್ರಾರ್ಥನೆಯ ಪುಸ್ತಕವನ್ನೂ ಹಾಗೆಯೇ ಓದಿದೆ.

ಆ ಪುಸ್ತಕದ ಹೆಸರು ಸಿದ್ದೂರ್. ಹೀಬ್ರೂವಿನಲ್ಲಿ ಅದಕ್ಕೆ ‘ಕ್ರಮ’ ಎಂದೇ ಅರ್ಥ. ನಮ್ಮ ನಿತ್ಯಕರ್ಮದ ಪುಸ್ತಕಗಳ ಹಾಗೆ. ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ: ಬೆಳಿಗ್ಗೆ ಶಖರೀತ್, ಮಧ್ಯಾಹ್ನ ಮಿಂಖಾ, ರಾತ್ರಿ ಮಾರೀವ್. ಬೆಳಿಗ್ಗೆ ಮತ್ತು ರಾತ್ರಿ ಶೆಮಾ, ಅಂದರೆ ದೇವರು ಒಬ್ಬನೇ ಎಂದು ಇಸ್ರಾಯೇಲರಿಗೆ ಸಾರುವ ಧರ್ಮೋಪದೇಶಕಾಂಡದ ವಚನ. ಮೂರೂ ಹೊತ್ತು ನಿಂತು ಹೇಳುವುದು ಅಮೀದಾ. ಮೊದಲು ಅದರಲ್ಲಿ ಹದಿನೆಂಟು ಆಶೀರ್ವಚನಗಳಿದ್ದವು, ಈಗ ಹತ್ತೊಂಬತ್ತು. ಹೆಸರು ಮಾತ್ರ ಇಂದಿಗೂ ‘ಹದಿನೆಂಟು’ ಎಂದೇ. ಅದರ ಬೇಡಿಕೆಗಳೆಲ್ಲ ಬಹುವಚನದಲ್ಲಿವೆ. ನನಗೆ ಜ್ವರ ಬಂದಿದ್ದರೂ ‘ನಮ್ಮನ್ನು’ ಗುಣಪಡಿಸು ಎಂದೇ ಕೇಳಬೇಕು.

ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನರ ಕೋರಂ ಬೇಕು. ಅದಕ್ಕೆ ಮಿನ್ಯಾನ್ ಎನ್ನುತ್ತಾರೆ. ಸಂಪ್ರದಾಯಸ್ಥರಲ್ಲಿ ಹದಿಮೂರು ತುಂಬಿದ ಗಂಡಸರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ, ಉದಾರ ಪಂಥಗಳಲ್ಲಿ ಹೆಂಗಸರನ್ನೂ. ಇಲ್ಲಿ ಲೆಕ್ಕಿಗನಾದ ನನಗೆ ಬಹಳ ಹಿಡಿಸಿದ ಪದ್ಧತಿಯೊಂದಿದೆ. ಮನುಷ್ಯರನ್ನು ಒಂದು, ಎರಡು ಎಂದು ಎಣಿಸಬಾರದು ಎಂಬುದು ಅವರ ನಿಯಮ. ಹಾಗಾಗಿ ಹತ್ತು ಪದಗಳಿರುವ ಒಂದು ಕೀರ್ತನೆಯ ವಚನವನ್ನು, ತಲೆಗೊಂದು ಪದದಂತೆ ಹೇಳುತ್ತಾ ಹೋಗುತ್ತಾರೆ. ವಚನ ಪೂರ್ತಿಯಾದರೆ ಕೋರಂ ಆಯಿತು. ಒಬ್ಬ ಕಡಿಮೆಯಾದರೆ ಕಡಿಮೆಯಾದದ್ದು ಒಂದು ಅಂಕಿಯಲ್ಲ, ಒಂದು ಪದ. ಒಂಬತ್ತು ಮಹಾ ಪಂಡಿತರಿದ್ದರೂ ಹತ್ತನೆಯವನಾಗಿ ಬೀದಿಯಲ್ಲಿ ಹೋಗುವ ಸಾಮಾನ್ಯನನ್ನು ಕರೆತರಲೇಬೇಕು. ‘ಆರಿಸಿಕೊಂಡ ಜನ’ ಎಂಬ ಮಾತು ಉಚ್ಚಾರವಾಗುವುದು ಇಂಥ ವ್ಯವಸ್ಥೆಯೊಳಗೆ ಎಂಬುದನ್ನು ಮೊದಲು ನೆನಪಿಟ್ಟುಕೊಳ್ಳಬೇಕು.

ಈಗ ಆ ಮಾತಿಗೆ ಬರೋಣ. ತೋರಾದ ಸುರುಳಿಯನ್ನು ಓದುವ ಮೊದಲು ಒಬ್ಬನನ್ನು ವೇದಿಕೆಗೆ ಕರೆಯುತ್ತಾರೆ. ಈ ಕರೆಗೆ ಅಲಿಯಾ, ‘ಮೇಲೇರುವುದು’ ಎಂದು ಹೆಸರು. ಸಬ್ಬತ್ತಿನ ಬೆಳಿಗ್ಗೆ ಹೀಗೆ ಏಳು ಜನ ಮೇಲೇರುತ್ತಾರೆ. ಏರಿದವನು ಹೇಳುವ ಆಶೀರ್ವಚನದ ಸಾರ ಇಷ್ಟು: ಎಲ್ಲ ಜನಗಳ ನಡುವಿನಿಂದ ನಮ್ಮನ್ನು ಆರಿಸಿ ತನ್ನ ತೋರಾವನ್ನು ನಮಗೆ ಕೊಟ್ಟ ದೇವರಿಗೆ ಸ್ತುತಿ. ಎಂಟ್ರಿ ‘ಆರಿಸಿದ್ದು’. ಕೆಳಗಿನ ವಿವರಣೆ ‘ತೋರಾ ಕೊಟ್ಟದ್ದು’. ತೋರಾ ಎಂದರೆ ಸಂಪ್ರದಾಯದ ಎಣಿಕೆಯಲ್ಲಿ 613 ವಿಧಿನಿಷೇಧಗಳು. ಅಂದರೆ ಆಯ್ಕೆ ಎನ್ನುವುದು ಜಮೆಯಾದದ್ದು ಆಸ್ತಿಯ ಕಡೆಗಲ್ಲ, ಹೊಣೆಯ ಕಡೆಗೆ. ಹಬ್ಬದ ದಿನಗಳ ಅಮೀದಾದಲ್ಲೂ ದೇವರು ನಮ್ಮನ್ನು ಆರಿಸಿದ, ಪ್ರೀತಿಸಿದ ಎಂಬ ಮಾತು ಬರುತ್ತದೆ. ಹಬ್ಬದ ಹೆಚ್ಚುವರಿ ಪ್ರಾರ್ಥನೆಯಲ್ಲಿ ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: ನಮ್ಮ ಪಾಪಗಳಿಂದಲೇ ನಮ್ಮ ನೆಲದಿಂದ ದೂರವಾದೆವು. ಸೋತ ಜನಾಂಗವೊಂದು ತನ್ನ ಸೋಲನ್ನು ಶತ್ರುವಿನ ಖಾತೆಗೆ ಹಾಕದೆ ತನ್ನದೇ ಖಾತೆಗೆ ಹಾಕಿಕೊಂಡು, ಅದನ್ನು ಹಬ್ಬದ ದಿನವೇ ಗಟ್ಟಿಯಾಗಿ ಓದುವುದು ಅಹಂಕಾರದ ಲಕ್ಷಣವಲ್ಲ.

ಈ ಓದಿಗೆ ಹಳೆಯ ಆಧಾರವಿದೆ. ಪ್ರವಾದಿ ಆಮೋಸನ ಬಾಯಲ್ಲಿ ದೇವರು, ಲೋಕದ ಕುಲಗಳಲ್ಲಿ ನಿಮ್ಮನ್ನೇ ಬಲ್ಲೆನಾದ್ದರಿಂದ ನಿಮ್ಮ ತಪ್ಪುಗಳಿಗೆಲ್ಲ ನಿಮ್ಮನ್ನೇ ದಂಡಿಸುತ್ತೇನೆ ಎನ್ನುತ್ತಾನೆ. ಅದೇ ಗ್ರಂಥದ ಕೊನೆಯಲ್ಲಿ, ನೀವು ನನಗೆ ಕೂಷ್ಯರ ಹಾಗಲ್ಲವೇ, ಐಗುಪ್ತದಿಂದ ನಿಮ್ಮನ್ನು ತಂದಂತೆ ಫಿಲಿಷ್ಟಿಯರನ್ನೂ ಅರಾಮ್ಯರನ್ನೂ ಅವರವರ ಹಳೆಯ ಊರುಗಳಿಂದ ತಂದವನು ನಾನೇ ಅಲ್ಲವೇ ಎಂದು ಕೇಳುತ್ತಾನೆ. ಕೂಷ್ಯರೆಂದರೆ ಆಫ್ರಿಕದ ಕಪ್ಪು ಜನ, ಫಿಲಿಷ್ಟಿಯರೆಂದರೆ ಬದ್ಧ ವೈರಿಗಳು. ಈ ಎರಡೂ ಭಾಗಗಳು ಅಶ್ಕೆನಾಜಿ ಸಂಪ್ರದಾಯದ ಸಬ್ಬತ್ ವಾಚನಗಳಲ್ಲಿ ಸೇರಿವೆ. ಪ್ರಾಯಶ್ಚಿತ್ತದ ದಿನದ ಮಧ್ಯಾಹ್ನ, ಉಪವಾಸದಿಂದ ಬಸವಳಿದ ಹೊತ್ತಿಗೆ ಓದುವುದು ಯೋನನ ಕಥೆ. ಅಲ್ಲಿ ಪಶ್ಚಾತ್ತಾಪಪಟ್ಟು ದೇವರ ಕರುಣೆಗೆ ಪಾತ್ರರಾಗುವವರು ನಿನೆವೆಯ ಪರಕೀಯರು. ಮುನಿಸಿಕೊಂಡು ಕೂರುವವನು ಆರಿಸಿಕೊಂಡ ಜನದ ಪ್ರವಾದಿ. ವರ್ಷದ ಅತ್ಯಂತ ಪವಿತ್ರ ದಿನಕ್ಕೆ ಈ ಕಥೆಯನ್ನು ಗೊತ್ತುಮಾಡಿದವರಿಗೆ ತಮ್ಮ ಜನದ ದೌರ್ಬಲ್ಯ ಚೆನ್ನಾಗಿ ತಿಳಿದಿತ್ತು.

ಹಾಗೆಂದು ಎಲ್ಲವೂ ಸಿಹಿ ಎಂದು ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ. ಬೆಳಗಿನ ಆಶೀರ್ವಚನಗಳಲ್ಲಿ, ತನ್ನನ್ನು ಅನ್ಯಜನಾಂಗದವನನ್ನಾಗಿ, ದಾಸನನ್ನಾಗಿ, ಹೆಂಗಸನ್ನಾಗಿ ಮಾಡಲಿಲ್ಲವೆಂದು ಗಂಡಸು ದೇವರನ್ನು ಸ್ತುತಿಸುವ ಮೂರು ವಾಕ್ಯಗಳಿವೆ. ವಿಧಿಗಳ ಹೊಣೆ ಇವರೆಲ್ಲರಿಗಿಂತ ಗಂಡಸಿಗೆ ಹೆಚ್ಚು, ಆ ಹೆಚ್ಚಿನ ಹೊಣೆಗಾಗಿ ಕೃತಜ್ಞತೆ ಎಂದು ಪಂಡಿತರು ಸಮರ್ಥಿಸುತ್ತಾರೆ. ಆದರೆ ಜಾತಿಯ ನೆಲದಲ್ಲಿ ಬೆಳೆದ ನಮ್ಮ ಕಿವಿಗೆ ಇದರ ಧಾಟಿ ತೀರ ಪರಿಚಿತ. ಹುಟ್ಟಿನಿಂದ ಬಂದದ್ದಕ್ಕೆ ಹೊಣೆ ಎಂದು ಹೆಸರಿಟ್ಟರೂ, ಕೆಳಗೆ ನಿಂತವರಿಗೆ ಅದು ಮೇಲ್ಮೆಯಾಗಿಯೇ ಕಾಣುತ್ತದೆ. ಉದಾರ ಪಂಥಗಳು ಈ ವಾಕ್ಯಗಳನ್ನು ತಿದ್ದಿರುವುದು ಸರಿಯಾಗಿಯೇ ಇದೆ ಎಂದು ನನ್ನ ಅಭಿಪ್ರಾಯ.

ಅಲೇನೂ ಎಂಬ ಪ್ರಾರ್ಥನೆಯ ಕಥೆ ಇನ್ನೂ ಸಿಕ್ಕು. ಮೂರೂ ಹೊತ್ತಿನ ಪ್ರಾರ್ಥನೆ ಈಗ ಮುಗಿಯುವುದು ಇದರಿಂದ. ಉಳಿದ ಜನಗಳ ಹಾಗೆ ನಮ್ಮನ್ನು ಮಾಡದ ದೇವರನ್ನು ಹೊಗಳುವುದು ನಮ್ಮ ಕರ್ತವ್ಯ ಎಂದು ಅದು ಶುರುವಾಗುತ್ತದೆ. ಅವರು ಶೂನ್ಯಕ್ಕೆ, ಕಾಪಾಡಲಾರದ ದೇವರಿಗೆ ಅಡ್ಡಬೀಳುತ್ತಾರೆ ಎಂಬ ಸಾಲೂ ಹಳೆಯ ಪಾಠದಲ್ಲಿತ್ತು. 1171ರಲ್ಲಿ ಫ್ರಾನ್ಸಿನ ಬ್ಲುವಾ ಊರಿನಲ್ಲಿ ಸುಳ್ಳು ಕೊಲೆ ಆರೋಪ ಹೊರಿಸಿ ಮೂವತ್ತಕ್ಕೂ ಹೆಚ್ಚು ಯಹೂದಿಗಳನ್ನು ಸುಟ್ಟಾಗ, ಅವರು ಬೆಂಕಿಯೊಳಗೆ ಹಾಡಿದ್ದು ಅಲೇನೂ ಎಂದು ಆ ಕಾಲದ ಹೀಬ್ರೂ ಪತ್ರಗಳು ಹೇಳುತ್ತವೆ. ಪುಸ್ತಕದಲ್ಲಿ ಪರನಿಂದೆಯಂತೆ ಕಾಣುವ ಸಾಲು ಚಿತೆಯ ಮೇಲೆ ಮಾನ ಉಳಿಸಿಕೊಳ್ಳುವ ಸಾಲಾಯಿತು.

ಮುಂದೆ ಆ ಸಾಲಿನ ಮೇಲೆ ಒಂದು ಲೆಕ್ಕದ ಆರೋಪ ಬಂತು. ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬೆಲೆ. ಆ ಸಾಲಿನಲ್ಲಿ ‘ಮತ್ತು ಶೂನ್ಯಕ್ಕೆ’ ಎಂಬರ್ಥದ ಪದದ ಅಕ್ಷರಗಳನ್ನು ಕೂಡಿದರೆ 316. ಯೇಸುವಿನ ಹೆಸರಿನ ಒಂದು ರೂಪವನ್ನು ಕೂಡಿದರೂ 316. ಆದ್ದರಿಂದ ಇದು ಕ್ರಿಸ್ತನಿಂದೆ ಎಂದು ವಾದ. ಎರಡು ಮೊತ್ತ ತಾಳೆಯಾದ ಮಾತ್ರಕ್ಕೆ ಎಂಟ್ರಿ ಸರಿ ಎಂದು ತೀರ್ಮಾನಿಸಬಾರದೆಂದು ಟ್ರಯಲ್ ಬ್ಯಾಲೆನ್ಸ್ ಕಲಿಯುವ ಹುಡುಗನಿಗೂ ಹೇಳಿಕೊಡುತ್ತಾರೆ. ಆ ಸಾಲಿನ ಪದಗಳು ಕ್ರಿಸ್ತನಿಗಿಂತ ಮೊದಲಿನ ಯೆಶಾಯನ ಗ್ರಂಥದಲ್ಲೇ ಇವೆ. ಆದರೂ ಕೆಲವು ಯಹೂದಿಗಳೇ ಈ ತಾಳೆಯನ್ನು ಗುಟ್ಟಾಗಿ ಮೆಚ್ಚಿಕೊಂಡಿದ್ದರು ಎಂಬುದೂ ನಿಜ. 1703ರಲ್ಲಿ ಪ್ರಷ್ಯದ ಅರಸ ಆ ಸಾಲನ್ನು ನಿಷೇಧಿಸಿ, ಪ್ರಾರ್ಥನಾಲಯಗಳಿಗೆ ಮೇಲ್ವಿಚಾರಕರನ್ನು ನೇಮಿಸಿದ. ಯಹೂದಿಗಳ ಪ್ರಾರ್ಥನೆಗೆ ಸರಕಾರಿ ಆಡಿಟರ್! ಅಶ್ಕೆನಾಜಿ ಪುಸ್ತಕಗಳಿಂದ ಸಾಲು ಮಾಯವಾಯಿತು. ಕೆಲವರು ಈಗ ಅದನ್ನು ಮತ್ತೆ ಸೇರಿಸಿಕೊಂಡಿದ್ದಾರೆ.

ಈ ವಾದಗಳಲ್ಲಿ ಯಾರೂ ಹೆಚ್ಚು ಲಕ್ಷ್ಯ ಕೊಡದ ಒಂದು ಸಂಗತಿ ಪದ್ಧತಿಯಲ್ಲಿದೆ. ಅಲೇನೂ ಹೇಳುವಾಗ ಮಂಡಿ ಬಾಗಿಸಿ ತಲೆ ತಗ್ಗಿಸಬೇಕು. ಹೊಸ ವರ್ಷ ಮತ್ತು ಪ್ರಾಯಶ್ಚಿತ್ತದ ದಿನಗಳಲ್ಲಿ ಅಶ್ಕೆನಾಜಿಗಳು ಈ ಪ್ರಾರ್ಥನೆಗೆ ಪೂರ್ತಿ ನೆಲಕ್ಕೆ ಬೀಳುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಅವರಿಗೆ ಸಾಷ್ಟಾಂಗವಿಲ್ಲ. ಬಾಯಿ ‘ನಾವು ಬೇರೆಯವರಂತಲ್ಲ’ ಎಂದು ಹೇಳುವ ಪ್ರಾರ್ಥನೆಯಲ್ಲೇ ಹಣೆ ನೆಲ ಮುಟ್ಟುತ್ತದೆ. ಪಠ್ಯ ಏರಿದಲ್ಲಿ ಪದ್ಧತಿ ಇಳಿಸುತ್ತದೆ. ಪ್ರಾರ್ಥನೆಯನ್ನು ಬರೀ ಅಕ್ಷರವಾಗಿ ಓದುವ ವಿಮರ್ಶೆಗೆ ಈ ಅರ್ಧ ಸಿಗುವುದೇ ಇಲ್ಲ.

ಹಾಗಾದರೆ ‘ಆರಿಸಿಕೊಂಡ’ ಎಂಬುದು ಹುಟ್ಟಿನ ಗುಣವೋ, ಒಪ್ಪಿಕೊಂಡ ಹೊಣೆಯೋ? 12ನೇ ಶತಮಾನದಲ್ಲೇ ಯಹೂದಿಗಳೊಳಗೆ ಈ ಪ್ರಶ್ನೆಗೆ ಎರಡು ಉತ್ತರಗಳಿದ್ದವು. ಸ್ಪೇನಿನ ಕವಿ ಯಹೂದಾ ಹಲೇವಿ ತನ್ನ ‘ಕುಜಾರಿ’ಯಲ್ಲಿ, ಅದು ವಂಶದಲ್ಲಿ ಹರಿದುಬರುವ ವಿಶೇಷ ಗುಣ, ಮತಾಂತರಗೊಂಡು ಬಂದವನು ಹುಟ್ಟಿದವನಿಗೆ ಸರಿಸಮನಾಗಲಾರ ಎಂಬ ವಾದ ಹೂಡಿದ. ಅದೇ ಶತಮಾನದಲ್ಲಿ ಓಬದ್ಯ ಎಂಬ ಮತಾಂತರಿ ಮೈಮೊನಿಡೀಸನಿಗೆ ಪತ್ರ ಬರೆದು ಕೇಳಿದ: ನನ್ನ ಪೂರ್ವಜರು ಯಹೂದಿಗಳಲ್ಲ, ಪ್ರಾರ್ಥನೆಯಲ್ಲಿ ‘ನಮ್ಮ ಪಿತೃಗಳ ದೇವರೇ’ ಎಂದೂ ‘ನಮ್ಮನ್ನು ಆರಿಸಿದ’ ಎಂದೂ ನಾನು ಹೇಳಬಹುದೇ? ಹಳೆಯ ಮಿಶ್ನಾ ಗ್ರಂಥದ ನಿಯಮ ‘ಬೇಡ’ ಎನ್ನುತ್ತಿತ್ತು. ಮೈಮೊನಿಡೀಸ್ ‘ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ’ ಎಂಬರ್ಥದ ಉತ್ತರ ಬರೆದ. ಅಬ್ರಹಾಮನ ದಾರಿ ಹಿಡಿದವರಿಗೆಲ್ಲ ಅವನೇ ತಂದೆ. ನಿನ್ನ ಮೂಲ ಹೀನವೆಂದು ತಿಳಿಯಬೇಡ, ನಾವು ಅಬ್ರಹಾಮ, ಇಸಾಕ, ಯಾಕೋಬರ ವಂಶವೆಂದು ಹೇಳಿಕೊಂಡರೆ, ನಿನ್ನ ವಂಶ ಸೃಷ್ಟಿಕರ್ತನಿಂದಲೇ ಶುರುವಾಗುತ್ತದೆ ಎಂದು ಧೈರ್ಯ ಹೇಳಿದ. ಈ ಪತ್ರ ಇಡೀ ‘ಆರಿಸಿಕೊಂಡ ಜನ’ ಎಂಬ ಕಲ್ಪನೆಯ ಕೀಲಿಕೈ ಎಂದು ನನ್ನ ಓದು. ಹೇಳುವ ಹಕ್ಕು ಬಂದವನಿಗೂ ಇದೆಯೆಂದಾದರೆ ಅದು ಕರೆ. ಹುಟ್ಟಿದವನಿಗೆ ಮಾತ್ರ ಎಂದಾದರೆ ಅದು ಜಾತಿ.

ಅದು ಜಾತಿಯಾಗಿದ್ದಕ್ಕೆ ಉದಾಹರಣೆ ಬೇಕಾದರೆ ಯುರೋಪಿಗೆ ಹೋಗಬೇಕಾಗಿಲ್ಲ. ನಮ್ಮದೇ ಪಶ್ಚಿಮ ಕರಾವಳಿಯಲ್ಲಿದೆ. ಕೊಂಕಣದ ಬೆನೆ ಇಸ್ರಾಯೇಲರು ಹೀಬ್ರೂ ಪ್ರಾರ್ಥನೆಗಳಲ್ಲಿ ಬಹುಪಾಲನ್ನು ಮರೆತರೂ ಶೆಮಾವನ್ನೂ ಸಬ್ಬತ್ತನ್ನೂ ಉಳಿಸಿಕೊಂಡಿದ್ದರು. ಎಣ್ಣೆ ತೆಗೆಯುವುದು ಅವರ ಕಸುಬು, ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಹಾಗಾಗಿ ಊರವರು ‘ಶನಿವಾರ ತೇಲಿ’ ಎಂದು ಕರೆದರು. ದೇವರು ಆರಿಸಿಕೊಂಡ ಜನ ಅಲ್ಲಿ ಒಂದು ಗಾಣಿಗರ ಜಾತಿಯಾಗಿ ತಣ್ಣಗೆ ಬದುಕಿದರು. ಜಾತಿ ಕೊಟ್ಟ ಈ ಆಸರೆಗೆ ಬೆಲೆಯೂ ಇತ್ತು: ಅವರೊಳಗೇ ‘ಗೋರಾ’, ‘ಕಾಲಾ’ ಎಂಬ ಒಳಭೇದ ಬಂತು.

ಕೊಚ್ಚಿಯಲ್ಲಿ ಇದು ಪ್ರಾರ್ಥನೆಯ ಒಳಕ್ಕೇ ಬಂತು. 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇಂದು ಪ್ರವಾಸಿಗರೆಲ್ಲ ನೋಡುವ ಜಾಗ. ಅಲ್ಲಿ ‘ಮೆಶುಖ್ರಾರಿಂ’ ಎಂಬ ಗುಂಪಿತ್ತು. ಬಿಡುಗಡೆಯಾದ ದಾಸರು ಮತ್ತು ಅವರ ಸಂತತಿ ಎಂದು ಆ ಪದದ ಅರ್ಥ. ಅವರೂ ಯಹೂದಿಗಳೇ, ಅದೇ ಪ್ರಾರ್ಥನೆ. ಆದರೆ ಕೂರಬೇಕಾದದ್ದು ಹಿಂದೆ ಅಥವಾ ಹೊರಗೆ, ತೋರಾದ ಮುಂದೆ ಮೇಲೇರುವ ಕರೆ ಅವರಿಗಿಲ್ಲ. ಅಂದರೆ ‘ನಮ್ಮನ್ನು ಆರಿಸಿದ’ ಎಂದು ವೇದಿಕೆಯ ಮೇಲೆ ಹೇಳುವ ಹಕ್ಕೇ ಇಲ್ಲ. ಈ ಸಮುದಾಯದಲ್ಲಿ ಹುಟ್ಟಿದ ವಕೀಲ ಎ. ಬಿ. ಸೇಲಂ, 20ನೇ ಶತಮಾನದ ಮೊದಲರ್ಧದಲ್ಲಿ ಗಾಂಧೀಜಿಯ ಸತ್ಯಾಗ್ರಹದ ದಾರಿಯನ್ನು ಸಿನಗಾಗಿನೊಳಕ್ಕೆ ತಂದರು. ಪ್ರತಿಭಟಿಸಿದರು, ಬಹಿಷ್ಕರಿಸಿದರು, ನಿಧಾನವಾಗಿ ಒಂದೊಂದೇ ಹಕ್ಕನ್ನು ಪಡೆದರು. ಅವರನ್ನು ‘ಯಹೂದಿ ಗಾಂಧಿ’ ಎಂದು ಕರೆಯುವುದುಂಟು. ಓಬದ್ಯನಿಗೆ 12ನೇ ಶತಮಾನದಲ್ಲೇ ಪತ್ರದಲ್ಲಿ ಸಿಕ್ಕದ್ದನ್ನು ಸೇಲಂ ಅವರು 20ನೇ ಶತಮಾನದಲ್ಲಿ ಹೋರಾಡಿ ಪಡೆಯಬೇಕಾಯಿತು. ಕೊಚ್ಚಿಯಲ್ಲಿ ಮೈಮೊನಿಡೀಸನನ್ನು ಓದುವವರಿರಲಿಲ್ಲ ಎಂದಲ್ಲ. ನಮ್ಮ ಗಾಳಿ ಅವರಿಗೂ ಬೀಸಿತ್ತು.

ಇದಕ್ಕೆ ಪೂರ್ತಿ ವಿರುದ್ಧವಾದ ಕೊನೆಯ ಪ್ರಕರಣ ನಾನಿರುವ ಕಡೆಯಿಂದ ಹಡ್ಸನ್ ನದಿಯ ಆಚೆಗೆ ನಡೆದದ್ದು. ನ್ಯೂಯಾರ್ಕಿನ ರಬ್ಬಿ ಮೊರ್ಡೆಕೈ ಕಪ್ಲಾನ್ 1945ರಲ್ಲಿ ಹೊಸ ಸಬ್ಬತ್ ಪ್ರಾರ್ಥನಾ ಪುಸ್ತಕ ಹೊರತಂದರು. ಅದರಲ್ಲಿ ‘ಎಲ್ಲ ಜನಗಳಿಂದ ಆರಿಸಿದ’ ಎಂಬ ಮಾತನ್ನು ತೆಗೆದು, ದೇವರು ನಮ್ಮನ್ನು ತನ್ನ ಸೇವೆಗೆ ಹತ್ತಿರ ಕರೆದ ಎಂಬ ಅರ್ಥದ ಮಾತನ್ನು ಇಟ್ಟರು. ನಂಬದ ಮಾತನ್ನು ದೇವರ ಮುಂದೆ ಆಡಬಾರದು ಎಂಬುದು ಅವರ ನಿಲುವು. ಜೂನ್ ತಿಂಗಳಲ್ಲಿ ಸಂಪ್ರದಾಯಸ್ಥ ರಬ್ಬಿಗಳು ಒಂದು ಹೋಟೆಲಿನಲ್ಲಿ ಸಭೆ ಸೇರಿ ಅವರಿಗೆ ಬಹಿಷ್ಕಾರ ಹಾಕಿದರು. ಆ ಸಭೆಯಲ್ಲಿ ಪುಸ್ತಕಕ್ಕೆ ಬೆಂಕಿಯೂ ಬಿತ್ತು. ಯುರೋಪಿನಲ್ಲಿ ಯುದ್ಧ ಮುಗಿದು ಆಗಿನ್ನೂ ಒಂದೆರಡು ತಿಂಗಳು. ಯಹೂದಿಗಳ ಪುಸ್ತಕಗಳನ್ನು ಸುಟ್ಟವರು ಆಗ ತಾನೇ ಸೋತಿದ್ದರು. ಯಹೂದಿಗಳೆಂಬ ಒಂದೇ ಕಾರಣಕ್ಕೆ ಸತ್ತವರ ಲೆಕ್ಕ ಬರುತ್ತಿದ್ದ ದಿನಗಳಲ್ಲಿ ಆ ಮಾತನ್ನು ಅಳಿಸುವುದು ಸತ್ತವರಿಗೆ ಮಾಡುವ ದ್ರೋಹವೆಂದು ಕೆಲವರಿಗೆ ಅನಿಸಿದ್ದರೆ ಅರ್ಥವಾಗುತ್ತದೆ. ಆದರೆ ಬೆಂಕಿಗೆ ಸಮರ್ಥನೆಯಿಲ್ಲ.

ಕಪ್ಲಾನರ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಅವರ ತಿದ್ದುಪಡಿಯನ್ನು ಪೂರ್ತಿ ಒಪ್ಪಲಾರೆ. ‘ಹತ್ತಿರ ಕರೆದ’ ಎನ್ನುವುದು ಯಾರಿಗೂ ನೋವಾಗದ ಮಾತು. ಯಾರಿಗೂ ನೋವಾಗದ ಮಾತಿನಿಂದ ಆಮೋಸನ ಬಯ್ಗುಳ ಹುಟ್ಟುವುದಿಲ್ಲ. ಆರಿಸಿದ್ದೇನೆ, ಆದ್ದರಿಂದ ನಿನ್ನಿಂದ ಕೇಳುತ್ತೇನೆ ಎನ್ನಬೇಕಾದರೆ ಮೊದಲ ಎಂಟ್ರಿ ಪುಸ್ತಕದಲ್ಲಿ ಇರಲೇಬೇಕು. ಅದನ್ನು ಹೊಡೆದುಹಾಕಿದರೆ ಸಾಲವೂ ಮನ್ನಾ ಆಗುತ್ತದೆ. ಇನ್ನು ಈ ಎಂಟ್ರಿಯನ್ನು ಜಮೀನಿನ ಹಕ್ಕುಪತ್ರದಂತೆ ಓದುವವರು ಇಂದಿನ ರಾಜಕಾರಣದಲ್ಲಿ ಇದ್ದಾರೆ. ಅವರು ಮೊತ್ತ ಓದಿ ವಿವರಣೆ ಬಿಟ್ಟವರು. ಪ್ರಾರ್ಥನೆಯ ಪುಸ್ತಕ ಅವರ ಪರವಾಗಿ ಸಾಕ್ಷಿ ಹೇಳುವುದಿಲ್ಲ.

ಕನ್ನಡದಲ್ಲಿ ನಾವು ‘ಅಕ್ಕಿ ಆರಿಸುವುದು’ ಎನ್ನುತ್ತೇವೆ. ಮೊರದಲ್ಲಿ ಹರಡಿ ನಿಜವಾಗಿ ಆರಿಸಿ ತೆಗೆಯುವುದು ಕಲ್ಲನ್ನು. ಆರಿಸಿದ್ದು ಶ್ರೇಷ್ಠವೆಂದು ಭಾಷೆ ಎಲ್ಲೂ ಮಾತು ಕೊಟ್ಟಿಲ್ಲ. ಯಹೂದಿಗಳ ಚರಿತ್ರೆಯಲ್ಲಿ ಈ ಎರಡು ಅರ್ಥಗಳೂ ನಡೆದುಹೋಗಿವೆ.

ಹೊರನಾಡಿನ ನಮಗೆ ಇದರಲ್ಲಿ ದೂರ ನಿಂತು ತೀರ್ಪು ಕೊಡುವ ಕೆಲಸವಷ್ಟೇ ಇಲ್ಲ. ಇಲ್ಲಿನ ನಮ್ಮ ದೇವಸ್ಥಾನಗಳಲ್ಲಿ ಸಂಕಲ್ಪ ಹೇಳುವಾಗ ‘ಜಂಬೂದ್ವೀಪೇ’ ಇದ್ದಲ್ಲಿ ‘ಕ್ರೌಂಚದ್ವೀಪೇ’ ಎಂದು ಹೇಳಲು ನಮ್ಮ ಪುರೋಹಿತರು ಕಲಿತಿದ್ದಾರೆ. ಭೂಗೋಳ ತಿದ್ದುವುದು ಸುಲಭವಾಯಿತು. ಕಷ್ಟವಾಗುವುದು ಮುಂದಿನ ಪ್ರಶ್ನೆಯಲ್ಲಿ: ಗೋತ್ರ? ನಮ್ಮ ಮಕ್ಕಳನ್ನು ಮದುವೆಯಾಗಿ ಬಂದ ಬೇರೆ ದೇಶದ, ಬೇರೆ ಜಾತಿಯ ಹುಡುಗ ಹುಡುಗಿಯರು ಅರ್ಚನೆಯ ತಟ್ಟೆ ಹಿಡಿದು ನಿಂತಾಗ ಕೇಳುವುದು ಓಬದ್ಯನ ಪ್ರಶ್ನೆಯನ್ನೇ. ‘ನಮ್ಮ ಪಿತೃಗಳು’ ಎಂದು ನಾನೂ ಹೇಳಬಹುದೇ? ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಎಂಬ ಹಳೆಯ ಉಪಾಯ ನಮ್ಮಲ್ಲಿದೆ. ಮನಸ್ಸಿಟ್ಟು ಹೇಳಿದರೆ ಅದು ಮೈಮೊನಿಡೀಸನ ಉತ್ತರಕ್ಕೆ ಹತ್ತಿರವಾದದ್ದು. ಮುಖ ಸಿಂಡರಿಸಿ ಹೇಳಿದರೆ ಕೊಚ್ಚಿಯ ಸಿನಗಾಗಿನ ಹಿಂದಿನ ಸಾಲು. ನಾವು ಯಾವುದನ್ನು ಕೊಡುತ್ತಿದ್ದೇವೆ ಎಂಬುದು ಆ ತಟ್ಟೆ ಹಿಡಿದವರಿಗೆ ಆ ಕ್ಷಣವೇ ತಿಳಿಯುತ್ತದೆ.